ಕೋಟೆ ಯಾರದು? ಕಟ್ಟಿದವರದಾ, ಹೆಸರು ಕೆತ್ತಿಸಿಕೊಂಡವರದಾ?



ಸ್ವಲ್ಪ ಉದ್ದದ ಬರಹ ಇದು. ಒಂದು ಹದಿನೈದು ನಿಮಿಷ ಪುರುಸೊತ್ತು ಮಾಡ್ಕೊಂಡು ಓದಿ. ಯುರೋಪಿನ ಪಾಳುಕೋಟೆಗಳ ಕತೆ ನಮಗೆ ಯಾಕೆ ಅಂತ ಮೊದಲ ಎರಡು ಪ್ಯಾರಾದಲ್ಲಿ ಅನ್ನಿಸಬಹುದು. ಮುಂದೆ ಹೋದರೆ ಅದು ನಮ್ಮ ಕೇರಿಯ ಕತೆ ಅಂತ ನಿಮಗೇ ಗೊತ್ತಾಗುತ್ತೆ.

ಫ್ರಾನ್ಸ್ ಮತ್ತು ಸ್ಪೇನ್ ನಡುವೆ ಗೋಡೆ ಕಟ್ಟಿದ ಹಾಗೆ ನಿಂತಿರುವ ಬೆಟ್ಟಸಾಲಿನ ಹೆಸರು ಪಿರನೀಸ್. ನಮ್ಮ ಕಡೆಯ ಗೆಳೆಯರೊಬ್ಬರು ತುಲೂಸ್ ನಗರದಲ್ಲಿ ವಿಮಾನದ ಕಂಪನಿಯೊಂದರಲ್ಲಿ ಕೆಲಸ ಮಾಡ್ತಾರೆ. ಅವರ ಮನೆಗೆ ಹೋಗಿದ್ದಾಗ ನಾಲ್ಕು ದಿನ ಅವರ ಕಾರಿನಲ್ಲಿ ಈ ಗಡಿನಾಡು ಸುತ್ತಿದೆ. ಆ ಬೆಟ್ಟದ ಬುಡದಲ್ಲಿ ಎಲ್ಲಿ ನೋಡಿದರೂ ಕೋಟೆ. ದಿಣ್ಣೆಗೊಂದು, ಕಣಿವೆಯ ಬಾಯಿಗೊಂದು. ಮೋವೆಜಾಂ ಅನ್ನೋ ಊರಿನಲ್ಲಿ ಚೌಕದ ಗೋಡೆ, ಎತ್ತರದ ಬುರುಜು ಇರುವ ಕೋಟೆ. ಸ್ಪೇನ್ ಗಡಿಗೆ ಇನ್ನೂ ಹತ್ತಿರ ಹೋದರೆ ಲ್ಯೂಜ್ ಊರಿನ ಮೇಲೆ ಬಂಡೆಯ ನೆತ್ತಿಯಲ್ಲಿ ಸೇಂಟ್ ಮರಿ ಕೋಟೆಯ ಮುರಿದ ಗೋಪುರಗಳು. ಬೆಆರ್ನ್ ಮತ್ತು ಬಿಗೋರ್ ಎಂಬ ಎರಡು ಹಳೆಯ ಸೀಮೆಗಳ ನಡುವೆ ಮೊಂತಾನೇರ್ ಕೋಟೆ.

ಇಷ್ಟೊಂದು ಕೋಟೆ ಯಾಕೆ ಅಂದ್ರೆ, ಹದಿನಾಲ್ಕನೆಯ ಶತಮಾನದಲ್ಲಿ ಈ ಜಾಗ ಐದಾರು ಜನರ ಜಗಳದ ನಡುವೆ ಸಿಕ್ಕಿಕೊಂಡಿತ್ತು. ಒಂದು ಕಡೆ ಫ್ರಾನ್ಸಿನ ದೊರೆ, ಇನ್ನೊಂದು ಕಡೆ ಇಂಗ್ಲೆಂಡಿನ ದೊರೆ. ಬೆಟ್ಟದ ಆಚೆ ಅರಗಾನ್, ನವಾರ. ನಡುವೆ ಸಣ್ಣಪುಟ್ಟ ಒಡೆಯರು, ನಮ್ಮ ಪಾಳೆಗಾರರ ಹಾಗೆ. ಅವರಲ್ಲಿ ದೊಡ್ಡ ಆಸಾಮಿ ಗಾಸ್ಟನ್ ಫೆಬುಸ್, 1331ರಿಂದ 1391ರವರೆಗೆ ಬದುಕಿದ್ದವನು. ಫುವಾ ಸೀಮೆಯ ಕೌಂಟ್, ಬೆಆರ್ನಿನ ಒಡೆಯ. 1347ರಲ್ಲಿ, ಬೆಆರ್ನ್ ನನಗೆ ದೇವರಿಂದ ಬಂದದ್ದು, ಯಾವ ದೊರೆಗೂ ಇದಕ್ಕಾಗಿ ತಲೆಬಾಗಲ್ಲ ಅಂತ ನಿಂತವನು. ಬೇಟೆಯ ಬಗ್ಗೆ ದೊಡ್ಡ ಪುಸ್ತಕ ಬರೆದವನು. ಫೆಬುಸ್ ಅಂದ್ರೆ ಸೂರ್ಯದೇವ. ಅದು ಅವನಾಗೇ ಇಟ್ಟುಕೊಂಡ ಹೆಸರು! ಸೂರ್ಯವಂಶ ಅಂತ ಹೇಳ್ಕೊಳ್ಳೋ ಚಟ ನಮ್ಮ ದೊರೆಗಳಿಗೆ ಮಾತ್ರ ಇದ್ದದ್ದಲ್ಲ ನೋಡಿ.

ಮೊಂತಾನೇರ್ ಕೋಟೆ ಕಟ್ಟಿಸಿದ್ದು ಈ ಫೆಬುಸ್. ಇಟ್ಟಿಗೆಯ ಕೋಟೆ. ದುಂಡಗಿನ ಸುತ್ತುಗೋಡೆ, ಒಂದು ಪಕ್ಕಕ್ಕೆ ಸುಮಾರು 40 ಮೀಟರ್ ಎತ್ತರದ ಚೌಕದ ಬುರುಜು. ಅದರ ಬಾಗಿಲ ಮೇಲೆ ಅವನ ವಂಶದ ಲಾಂಛನ ಕೆತ್ತಿದ ಕಲ್ಲಿದೆ. ಅದರಲ್ಲಿ ಅಲ್ಲಿಯ ಹಳೆಯ ಭಾಷೆಯಲ್ಲಿ ಮೂರೇ ಮೂರು ಪದ: ‘ಫೆಬುಸ್ ಮೆ ಫೆ’. ಅಂದ್ರೆ, ಫೆಬುಸ್ ನನ್ನನ್ನು ಮಾಡಿದ.

ಕೋಟೆಯೇ ಬಾಯಿಬಿಟ್ಟು ಹೇಳಿದ ಹಾಗೆ ಬರೆಸಿದ್ದಾನೆ. ಬಂದವರೆಲ್ಲ ತಲೆಯೆತ್ತಿ ಓದಬೇಕು. ಆರುನೂರು ವರ್ಷದಿಂದ ಓದ್ತಾನೇ ಇದ್ದಾರೆ.

ಆದರೆ ಇದೇ ಕೋಟೆಯ ಬಗ್ಗೆ ಇನ್ನೊಂದು ದಾಖಲೆ ಇದೆ, ಕಲ್ಲಿನ ಮೇಲಲ್ಲ, ಕಾಗದದ ಮೇಲೆ. 1379ರ ಒಂದು ಕರಾರು. ಫೆಬುಸ್ ಒಂದು ಕಡೆ, ಬೆಆರ್ನ್ ಸೀಮೆಯ ಬೇರೆ ಬೇರೆ ಊರುಗಳ ಬಡಗಿಗಳು ಇನ್ನೊಂದು ಕಡೆ. ಮೊಂತಾನೇರ್ ಕೋಟೆಗೆ ಬೇಕಾದ ಮರಗೆಲಸವನ್ನೆಲ್ಲ ನಾವು ಮಾಡಿಕೊಡ್ತೀವಿ ಅಂತ ಅವರು ಒಪ್ಪಿಕೊಳ್ತಾರೆ. ಬದಲಿಗೆ ಮನೆ ತೆರಿಗೆಯಲ್ಲಿ ರಿಯಾಯಿತಿ, ಒಡೆಯನ ಕಾಡಿನಿಂದ ಮರ ತಗೊಳ್ಳೋ ಹಕ್ಕು. ಈ ಬಡಗಿಗಳೆಲ್ಲ ಒಂದೇ ಜನ. ಅವರ ಹೆಸರು ಕಾಗೋ.

ಕಾಗೋಗಳು ಯಾರು? ಒಂದೇ ಮಾತಲ್ಲಿ ಹೇಳ್ತೀನಿ. ಪಿರನೀಸ್ ಬೆಟ್ಟದ ಅಸ್ಪೃಶ್ಯರು.

ಉತ್ಪ್ರೇಕ್ಷೆ ಅನ್ನಬೇಡಿ. ಅವರ ಮೇಲಿದ್ದ ಕಟ್ಟಳೆಗಳನ್ನು ಸುಮ್ಮನೆ ಪಟ್ಟಿ ಮಾಡ್ತೀನಿ, ನೀವೇ ನೋಡಿ. ಮನೆ ಊರಾಚೆ, ಬಹಳ ಸಲ ಹಳ್ಳದ ಆಚೆ. ಮದುವೆ ತಮ್ಮ ಜನದೊಳಗೇ. ಚರ್ಚಿಗೆ ಬರಬೇಕು, ಆದರೆ ಬೇರೆ ಬಾಗಿಲಿಂದ, ಅದೂ ತಗ್ಗಾದ ಬಾಗಿಲಿಂದ. ಪವಿತ್ರ ಜಲದ ತೊಟ್ಟಿ ಬೇರೆ. ಕೂರುವ ಜಾಗ ಬೇರೆ. ಕೆಲವು ಕಡೆ ಪ್ರಸಾದದ ರೊಟ್ಟಿಯನ್ನು ಪಾದ್ರಿ ಕೈಯಿಂದ ಕೊಡದೆ ಕೋಲಿನ ತುದಿಗಿಟ್ಟು ಚಾಚುತ್ತಿದ್ದ. ಸತ್ತರೆ ಮಣ್ಣು ಮಾಡುವ ಜಾಗ ಬೇರೆ. ಬಟ್ಟೆಯ ಮೇಲೆ ಕೆಂಪು ಬಣ್ಣದ ಬಾತಿನ ಪಾದದ ಗುರುತು ಹೊಲಿದುಕೊಳ್ಳಬೇಕು, ದೂರದಿಂದಲೇ ಗೊತ್ತಾಗಲಿ ಅಂತ. ಬರಿಗಾಲಲ್ಲಿ ಓಡಾಡುವ ಹಾಗಿಲ್ಲ. ತಿನ್ನುವ ಪದಾರ್ಥ ಮಾರುವ ಹಾಗಿಲ್ಲ. ಬೆಆರ್ನಿನ ಹಳೆಯ ಕಾನೂನಿನಲ್ಲಿ ಒಬ್ಬ ಸಾಮಾನ್ಯ ಮನುಷ್ಯನ ಸಾಕ್ಷಿಗೆ ಏಳು ಜನ ಕಾಗೋಗಳ ಸಾಕ್ಷಿ ಸಮ. ಫೆಬುಸ್ 1385ರಲ್ಲಿ ಬೆಆರ್ನಿನ ಮನೆಗಳನ್ನೆಲ್ಲ ಎಣಿಸಿದಾಗ ಕಾಗೋಗಳ ಮನೆಗಳನ್ನು ಬೇರೆಯಾಗಿ ಗುರುತಿಸಿ ಬರೆಸಿದ.

ಇವರ ಬಣ್ಣ ಬೇರೆಯಾ? ಇಲ್ಲ. ಭಾಷೆ? ಊರಿನವರು ಆಡಿದ್ದೇ ಇವರೂ ಆಡ್ತಿದ್ದದ್ದು. ಧರ್ಮ? ಅದೇ ಕ್ರೈಸ್ತ ಧರ್ಮ, ಅದೇ ಚರ್ಚು. ಹಳೆಯ ಕಾಗದಪತ್ರಗಳಲ್ಲಿ ಇವರನ್ನು ಕರೆದಿರೋದೇ ‘ಕ್ರೆಸ್ತಿಯಾ’ ಅಂತ, ಅಂದ್ರೆ ಕ್ರೈಸ್ತ. ಇವರು ಎಲ್ಲಿಂದ ಬಂದವರು ಅಂತ ಪಂಡಿತರು ನೂರಾರು ವರ್ಷದಿಂದ ತಲೆ ಕೆಡಿಸಿಕೊಂಡಿದ್ದಾರೆ. ಗೋತ್ ಜನಾಂಗದ ಸಂತತಿ ಅಂದವರಿದ್ದಾರೆ, ಸೋತ ಅರಬ್ಬರ ಮಕ್ಕಳು ಅಂದವರಿದ್ದಾರೆ, ಕುಷ್ಠರೋಗಿಗಳ ಪೀಳಿಗೆ ಅಂದವರೂ ಇದ್ದಾರೆ. ಯಾವುದೂ ಸಾಬೀತಾಗಿಲ್ಲ. ನನ್ನ ಕೇಳಿದರೆ ಇದೇ ದೊಡ್ಡ ಪಾಠ. ಒಂದು ಜನವನ್ನು ಹೊರಗಿಡೋಕೆ ಮೈಬಣ್ಣ ಬೇಕಿಲ್ಲ, ಬೇರೆ ದೇವರು ಬೇಕಿಲ್ಲ, ಬೇರೆ ಭಾಷೆ ಬೇಕಿಲ್ಲ. ಹೊರಗಿಡಬೇಕು ಅನ್ನೋ ಮನಸ್ಸು ಸಾಕು. ಕಾರಣವನ್ನು ಆಮೇಲೆ ಹುಡುಕಿಕೊಳ್ತಾರೆ.

ಇವರು ಮುಟ್ಟಿದ್ದೆಲ್ಲ ಕೆಡುತ್ತೆ, ಮರ ಒಂದನ್ನು ಬಿಟ್ಟು. ಮರಕ್ಕೆ ಕುಷ್ಠ ಅಂಟಲ್ಲ ಅಂತ ನಂಬಿಕೆಯಂತೆ. ಹಾಗಾಗಿ ಬಡಗಿ ಕೆಲಸ ಇವರಿಗೆ. ಪೀಪಾಯಿ ಮಾಡೋದು, ಮನೆಗೆ ಜಂತೆ ಹಾಕೋದು, ಶವಪೆಟ್ಟಿಗೆ ಮಾಡೋದು, ಗಲ್ಲುಗಂಬ ನೆಡೋದು. ಇವರ ಕೈ ಮುಟ್ಟಿದ ರೊಟ್ಟಿ ಬೇಡ, ಇವರ ಕೈ ಮುಟ್ಟಿದ ಸೂರಿನ ಕೆಳಗೆ ನಿದ್ದೆ ಬರುತ್ತೆ! ಯಾವ ಚರ್ಚಿನ ತಗ್ಗು ಬಾಗಿಲಲ್ಲಿ ಬಗ್ಗಿ ಒಳಗೆ ಬರ್ತಿದ್ದರೋ ಅದೇ ಚರ್ಚಿನ ಮಾಡಿನ ಮರಗೆಲಸ ಇವರದೇ ಆಗಿರ್ತಿತ್ತು.

ಇದು ನನಗೆ ಪುಸ್ತಕ ಓದಿ ಅರ್ಥ ಆಗಬೇಕಿಲ್ಲ. ನಮ್ಮೂರಿನ ದೊಡ್ಡ ಜಮೀನಿನಲ್ಲಿ ಕಪಿಲೆ ಬಾವಿ ಇತ್ತು. ನೀರೆತ್ತುವ ತೊಗಲಿನ ಚೀಲ ಹೊಲಿದು ಕೊಡ್ತಿದ್ದದ್ದು ನಮ್ಮಜ್ಜ. ಅದಕ್ಕೆ ಕಟ್ಟುವ ಮಿಣಿ ಹೊಸೆದು ಕೊಡ್ತಿದ್ದದ್ದೂ ನಮ್ಮಜ್ಜ. ಚೀಲ ದಿನಾ ಬಾವಿಗೆ ಇಳಿಯೋದು, ನೀರು ತುಂಬ್ಕೊಂಡು ಮೇಲೆ ಬರೋದು. ಅಜ್ಜ ಮಾತ್ರ ಬಾವಿಕಟ್ಟೆ ಹತ್ತೋ ಹಾಗಿಲ್ಲ. ಬಾಯಾರಿದರೆ ದೂರ ನಿಂತು ಬೊಗಸೆ ಒಡ್ಡಬೇಕಿತ್ತು. ಅಜ್ಜನ ಕೈಯಲ್ಲಿ ಹೊಲಿದ ತೊಗಲಿಗೆ ಮೈಲಿಗೆ ಇಲ್ಲ, ಅಜ್ಜನ ಕೈಗೆ ಮೈಲಿಗೆ.

ಈಗ ಮತ್ತೆ ಕೋಟೆಗೆ ಬನ್ನಿ.

ಪಾಳುಬಿದ್ದ ಕೋಟೆ ಅಂದ್ರೆ ಏನು? ಯೋಚನೆ ಮಾಡಿ. ಕಲ್ಲು, ಇಟ್ಟಿಗೆ ಉಳಿದಿದೆ. ಹೋಗಿರೋದು ಏನು? ಮಾಡು ಹೋಗಿದೆ. ಮಹಡಿ ಹೋಗಿದೆ. ಬಾಗಿಲು, ಕಿಟಕಿ, ಏಣಿ, ಎತ್ತಿ ಇಳಿಸುವ ಸೇತುವೆ, ಸೈನಿಕರು ನಿಲ್ಲುತ್ತಿದ್ದ ಅಟ್ಟಣೆ ಎಲ್ಲಾ ಹೋಗಿದೆ. ಅಂದ್ರೆ ಹೋಗಿರೋದು ಮರ. ಪಾಳುಕೋಟೆ ಅಂದ್ರೆ ಮರಗೆಲಸ ಕಳೆದ ಕೋಟೆ. ಮೊಂತಾನೇರಿನಲ್ಲಿ ಕಾಗೋಗಳು ಮಾಡಿದ್ದೇನೋ ಅದಷ್ಟೂ ಕಾಲದಲ್ಲಿ ಕೊಳೆತು ಸುಟ್ಟು ಹೋಯಿತು. ಫೆಬುಸನ ಹೆಸರಿದ್ದ ಕಲ್ಲು ಉಳೀತು.

ಇಂಥ ಕೋಟೆಗಳ ಗೋಡೆಯ ಒಳಮುಖ ನೋಡಿದರೆ ಸಾಲಾಗಿ ಚೌಕದ ಗೂಡುಗಳು ಕಾಣ್ತವೆ. ತೊಲೆ ಕೂರಿಸಿದ್ದ ಜಾಗ ಅವು. ಈಗ ಅದರೊಳಗೆ ಪಾರಿವಾಳ ಇರ್ತವೆ. ಕೋಟೆ ನೋಡೋಕೆ ಹೋದವರು ಯಾರೂ ಆ ತೂತುಗಳ ಫೋಟೋ ತೆಗೆಯಲ್ಲ. ನಾನು ತೆಗೆದೆ. ಲಾಂಛನದ ಕಲ್ಲು ಫೆಬುಸನ ಸಹಿ ಆದರೆ ಈ ಖಾಲಿ ಗೂಡುಗಳು ಬಡಗಿಗಳ ಸಹಿ.

ಕಾಗೋಗಳ ಕೆಲಸ ಅಳಿಯಿತು, ಆದರೆ ಅವರಿಗಾದ ಅವಮಾನ ಉಳೀತು, ಯಾಕೆಂದ್ರೆ ಅದನ್ನು ಕಲ್ಲಲ್ಲಿ ಮಾಡಿದ್ದರು! ಲ್ಯೂಜಿನಲ್ಲಿ ಕೋಟೆಯಂತೆ ಸುತ್ತುಗೋಡೆ ಇರುವ ಹಳೆಯ ಚರ್ಚಿದೆ. ಅಲ್ಲಿ ಕಾಗೋಗಳ ಬಾಗಿಲು ಅಂತ ಒಂದು ಸಣ್ಣ ಬಾಗಿಲು ತೋರಿಸ್ತಾರೆ. ಸೇಂಟ್ ಸಾವಿನ್ ಎಂಬ ಊರಿನ ಮಠದ ಚರ್ಚಿನಲ್ಲಿ ಕಾಗೋಗಳ ತೊಟ್ಟಿ ಅಂತಲೇ ಹೆಸರಾದ ಕಲ್ಲಿನ ನೀರುತೊಟ್ಟಿ ಇದೆ. ತೊಟ್ಟಿಯನ್ನು ಹೊತ್ತು ನಿಂತ ಪುಟ್ಟ ಮನುಷ್ಯಾಕೃತಿಗಳನ್ನು ಕೆತ್ತಿದ್ದಾರೆ. ನಮ್ಮ ಗುಡಿಗಳ ಕಂಬದ ಕೆಳಗೆ ಭಾರ ಹೊತ್ತು ಕೂತ ಕುಳ್ಳರನ್ನು ನೋಡಿದ್ದೀರಲ್ಲ, ನನಗೆ ಅವರ ನೆನಪಾಯಿತು.

ಮೂರನೆಯ ದಿನ ಗಡಿ ದಾಟಿ ಸ್ಪೇನ್ ಕಡೆ ಇಳಿದೆವು. ನವಾರ ಸೀಮೆಯ ಬಾಸ್ತಾನ್ ಕಣಿವೆ. ಹಸಿರು ಅಂದ್ರೆ ನಮ್ಮ ಮಲೆನಾಡೇ. ಬೆಟ್ಟದ ಈ ಕಡೆ ಇದೇ ಜನರನ್ನು ಅಗೋತೆ ಅಂತ ಕರೀತಿದ್ದರು. ಅರಿಸ್ಕುನ್ ಅನ್ನೋ ಊರು, ಅದರಾಚೆ ತಗ್ಗಿನಲ್ಲಿ ಬೊಸಾತೆ ಅನ್ನೋ ಕೇರಿ. ಅಗೋತೆಗಳ ಕೇರಿ. ಅರಿಸ್ಕುನ್‌ನಲ್ಲಿ ಉರ್ಸುವಾ ಮನೆತನದ ಹಳೆಯ ಕೋಟೆಮನೆ ಇದೆ. ಬೊಸಾತೆಯ ಅಗೋತೆಗಳು ಈ ಮನೆತನದ ಆಳುಗಳು. ಭೂಮಿ ಒಡೆಯನದು, ಮನೆ ಒಡೆಯನದು, ದುಡಿಮೆ ಇವರದು. ಇದೇ ಮನೆತನದ ಪೆದ್ರೋ ದೆ ಉರ್ಸುವಾ ದಕ್ಷಿಣ ಅಮೆರಿಕಕ್ಕೆ ಚಿನ್ನದ ನಾಡು ಹುಡುಕೋಕೆ ಹೋಗಿ 1561ರಲ್ಲಿ ತನ್ನದೇ ಕಡೆಯವರ ಕೈಯಲ್ಲಿ ಸತ್ತ. ಅವನ ಹೆಸರು ಇತಿಹಾಸದಲ್ಲಿದೆ, ಸಿನಿಮಾದಲ್ಲೂ ಬಂದಿದೆ. ಅವನ ಮನೆಯ ಆಳುಗಳಲ್ಲಿ ಒಬ್ಬರ ಹೆಸರು ಹೇಳಿ ನೋಡೋಣ?

ಈ ಕಣಿವೆಗೆ ಇನ್ನೊಂದು ವಿಶೇಷ ಇದೆ. 1440ರಲ್ಲಿ ಬಾಸ್ತಾನಿನ ಜನರೆಲ್ಲ ಕುಲೀನರು ಅಂತ ತೀರ್ಪು ಸಿಕ್ಕಿತು. ಒಬ್ಬ ರೈತನೂ ಕುಲೀನ, ಕುರಿ ಕಾಯೋನೂ ಕುಲೀನ. ಮನೆಮನೆಯ ಗೋಡೆಯ ಮೇಲೆ ಚದುರಂಗದ ಮಣೆಯಂಥ ಲಾಂಛನ ಕೆತ್ತಿಸಿದ್ದಾರೆ. ಇಂದಿಗೂ ನೋಡಬಹುದು. ಎಷ್ಟು ದೊಡ್ಡ ಸಮಾನತೆ ಅಲ್ವಾ? ಆದರೆ ಆ ‘ಎಲ್ಲರೂ’ ಅನ್ನೋ ಮಾತಿನೊಳಗೆ ಬೊಸಾತೆ ಇರಲಿಲ್ಲ. ಊರಿನವರ ಲೆಕ್ಕಕ್ಕೇ ಅಗೋತೆಗಳು ಬರಲಿಲ್ಲ. ಬಂಧುಗಳೇ, ‘ನಮ್ಮೂರಲ್ಲಿ ಎಲ್ಲರೂ ಒಂದೇ, ಜಾತಿಗೀತಿ ಏನಿಲ್ಲ’ ಅಂತ ಯಾರಾದರೂ ಹೇಳಿದಾಗ ನಾನು ಮೊದಲು ಕೇಳೋದು, ಎಲ್ಲರೂ ಅಂದ್ರೆ ಯಾರ್‍ಯಾರು?

ಇವರು ಸುಮ್ಮನೆ ತಲೆತಗ್ಗಿಸಿ ಕೂತಿರಲಿಲ್ಲ. ಈ ಭಾಗ ನಮಗೆ ಬಹಳ ಮುಖ್ಯ. ನವಾರದ ಅಗೋತೆಗಳು ನೇರವಾಗಿ ರೋಮಿನ ಪೋಪ್‌ಗೆ ಅರ್ಜಿ ಹಾಕಿದರು. 1515ರಲ್ಲಿ ಪೋಪ್ ಹತ್ತನೆಯ ಲಿಯೋ, ಇವರನ್ನು ಉಳಿದ ಕ್ರೈಸ್ತರ ಹಾಗೇ ನಡೆಸಿಕೊಳ್ಳಿ ಅಂತ ಆದೇಶ ಕೊಟ್ಟ. ಜಗತ್ತಿನ ಅತಿ ದೊಡ್ಡ ಧರ್ಮಗುರುವಿನ ಮಾತು! ಹಳ್ಳಿಯ ಪಾದ್ರಿ ಕೇಳಲಿಲ್ಲ. ಊರವರು ಕೇಳಲಿಲ್ಲ. ಇವರ ವಿರುದ್ಧ ನಿಂತ ಸರ್ಕಾರಿ ಆಸಾಮಿಯೊಬ್ಬ, ಬೈಬಲ್ಲಿನಲ್ಲಿ ಎಲೀಷ ಪ್ರವಾದಿಯ ಶಾಪದಿಂದ ಕುಷ್ಠ ಅಂಟಿಸಿಕೊಂಡ ಗೇಹಜಿ ಇದ್ದಾನಲ್ಲ, ಇವರು ಅವನ ಸಂತತಿ ಅಂತ ವಾದ ಹೂಡಿದ. ಇವರ ಕೈಯಲ್ಲಿ ಸೇಬು ಇಟ್ಟರೆ ಕೊಳೆಯುತ್ತೆ ಅಂತಲೂ ಪುಕಾರಿತ್ತು.

1600ರಲ್ಲಿ ತುಲೂಸಿನ ನ್ಯಾಯಾಲಯ ಕಾಗೋಗಳ ಮೈ ಪರೀಕ್ಷೆ ಮಾಡಿಸಿತು. ವೈದ್ಯರು ನೋಡಿ ಯಾವ ಕಾಯಿಲೆಯೂ ಇಲ್ಲ, ಎಲ್ಲರಂಥ ಆರೋಗ್ಯವಂತರು ಅಂತ ಬರೆದುಕೊಟ್ಟರು. ವಿಜ್ಞಾನದ ಸರ್ಟಿಫಿಕೇಟೂ ಸಿಕ್ಕಂತಾಯಿತು. ಆಮೇಲೂ ಬಾಗಿಲು ಬೇರೆಯೇ ಉಳೀತು. 1683ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಬೆಆರ್ನಿನ ಕಾಗೋಗಳಿಗೆ ಬಿಡುಗಡೆಯ ಪತ್ರ ಕೊಟ್ಟ. ಪುಕ್ಕಟೆ ಅಲ್ಲ, ದುಡ್ಡು ಕಟ್ಟಿಸಿಕೊಂಡು! ಆಮೇಲೂ ಪೂರ್ತಿ ನಿಲ್ಲಲಿಲ್ಲ. ಮತ್ತೆ ಕೋರ್ಟು, ಮತ್ತೆ ಕೇಸು. 1789ರ ಕ್ರಾಂತಿ ಬಂದ ಮೇಲೆ ತಮ್ಮ ಹುಟ್ಟಿನ ಗುರುತಿದ್ದ ದಾಖಲೆಗಳನ್ನೇ ಕಾಗೋಗಳು ಸುಟ್ಟುಹಾಕಿದರು ಅಂತ ಹೇಳ್ತಾರೆ. ನವಾರದಲ್ಲಿ ಕಾನೂನಿನ ಭೇದ ಹೋಗೋಕೆ ಹತ್ತೊಂಬತ್ತನೆಯ ಶತಮಾನ ಬರಬೇಕಾಯಿತು.

ಲೆಕ್ಕ ಹಾಕಿ. ಪೋಪ್ ಆದೇಶದಿಂದ ಕ್ರಾಂತಿಯವರೆಗೆ 274 ವರ್ಷ. ನಮ್ಮ ಸಂವಿಧಾನದ 17ನೆಯ ವಿಧಿ ಜಾರಿಗೆ ಬಂದದ್ದು 1950ರಲ್ಲಿ. ‘ಕಾನೂನು ಬಂದು ಇಷ್ಟು ವರ್ಷ ಆಯ್ತಲ್ಲ, ಇನ್ನೂ ಎಷ್ಟು ದಿನ ನಿಮ್ಮ ಗೋಳು’ ಅನ್ನೋರಿಗೆ ಕಾಗೋಗಳ ಕತೆ ಹೇಳಿ.

ಬಾಬಾಸಾಹೇಬರು 1948ರ ‘ಅಸ್ಪೃಶ್ಯರು’ ಪುಸ್ತಕದಲ್ಲಿ ಒಂದು ಪ್ರಶ್ನೆ ಕೇಳ್ತಾರೆ. ಊರಾಚೆ ಬದುಕಿದ ಜನ ಬೇರೆ ದೇಶದಲ್ಲೂ ಇದ್ದರಾ? ಇದ್ದರು ಅಂತ ಐರ್ಲೆಂಡ್ ಮತ್ತು ವೇಲ್ಸಿನ ಉದಾಹರಣೆ ಕೊಡ್ತಾರೆ. ಅಲ್ಲಿ ಆ ಜನ ಕಾಲ ಕಳೆದ ಹಾಗೆ ಊರೊಳಗೆ ಬೆರೆತುಹೋದರು, ಇಲ್ಲಿ ಮಾತ್ರ ಯಾಕೆ ಹಾಗಾಗಲಿಲ್ಲ ಅನ್ನೋದು ಅವರ ಮುಂದಿನ ಪ್ರಶ್ನೆ. ಪಿರನೀಸಿನ ಬೆಟ್ಟದಲ್ಲಿ ನಿಂತು ನನ್ನ ತಲೆಯಲ್ಲಿ ತಿರುಗುತ್ತಿದ್ದದ್ದೂ ಅದೇ. ಕಾಗೋಗಳೂ ಕೊನೆಗೆ ಬೆರೆತರು. ನಾವು ಯಾಕೆ ಇನ್ನೂ ಕೇರಿಯಲ್ಲಿದ್ದೀವಿ?

ನನಗೆ ತೋಚಿದ್ದು ಇಷ್ಟು. ಅಲ್ಲಿ ಹೊರಗಿಟ್ಟವರಿಗೆ ಧರ್ಮಗ್ರಂಥದ ಗಟ್ಟಿ ಆಸರೆ ಇರಲಿಲ್ಲ. ಗೇಹಜಿಯ ಕತೆಯನ್ನು ಎಳೆದು ತಂದು ಅಂಟಿಸಬೇಕಾಯಿತು, ಪೋಪ್ ಅದಕ್ಕೆ ವಿರುದ್ಧವಾಗಿ ಆದೇಶ ಕೊಡಬಹುದಾಗಿತ್ತು. ಇಲ್ಲಿ ಅಂಟಿಸಬೇಕಿಲ್ಲ, ಶಾಸ್ತ್ರದಲ್ಲೇ ಬರೆದಿಟ್ಟಿದ್ದಾರೆ. ಬಾಬಾಸಾಹೇಬರು 1927ರಲ್ಲಿ ಮಹಾಡ್‌ನಲ್ಲಿ ಮನುಸ್ಮೃತಿಯನ್ನು ಯಾಕೆ ಸುಟ್ಟರು ಅನ್ನೋದು ಅಲ್ಲಿ ನಿಂತು ನೋಡಿದಾಗ ಇನ್ನೂ ಚೆನ್ನಾಗಿ ಅರ್ಥವಾಗುತ್ತೆ. ಎರಡನೆಯದು, ಅಲ್ಲಿ ಬೀಗ ಒಡೆದದ್ದು ಮದುವೆ ಮತ್ತು ವಲಸೆ. ಕ್ರಾಂತಿಯ ನಂತರ ಊರು ಬಿಟ್ಟು ಹೋದವರಿಗೆ ಹೊಸ ಊರಿನಲ್ಲಿ ನೀನು ಯಾರ ಮಗ ಅಂತ ಕೇಳೋರು ಕಡಿಮೆಯಾದರು. ನಮ್ಮವರು ಬೆಂಗಳೂರಿಗೆ ಬಂದರೂ ಬಾಡಿಗೆ ಮನೆ ಕೇಳುವಾಗ ‘ನೀವು ಯಾವ ಜನ?’ ಅನ್ನೋ ಪ್ರಶ್ನೆ ತಪ್ಪಲ್ಲ. ಲಂಡನ್ನಿಗೆ ಹೋದರೂ ಕೆಲವರ ಬೆನ್ನು ಬಿಡಲ್ಲ. ಮೂರನೆಯದು, ಅವರು ಕಣಿವೆಗಳಲ್ಲಿ ಚದುರಿಹೋಗಿದ್ದ ಸಣ್ಣ ಜನ. ನಾವು 2011ರ ಜನಗಣತಿಯಲ್ಲೇ 20 ಕೋಟಿ ದಾಟಿದವರು. ಇಷ್ಟು ಜನರ ಬಿಟ್ಟಿ ದುಡಿಮೆಯ ಮೇಲೆ ನಿಂತ ವ್ಯವಸ್ಥೆ ತಾನಾಗಿ ಕರಗಲ್ಲ.

ಇನ್ನೊಂದು ಮಾತು ಇದೆ, ಇದನ್ನು ಹೇಳೋಕೇ ಇಷ್ಟುದ್ದ ಬರೆದೆ.

ಕಾಗೋಗಳು ಬಿಡುಗಡೆ ಆದರು, ಆದರೆ ಮರೆತುಹೋಗಿ ಬಿಡುಗಡೆ ಆದರು. ಕಾಗದ ಸುಟ್ಟರು, ಹೆಸರು ಬಿಟ್ಟರು, ಮಕ್ಕಳಿಗೆ ಹೇಳಲಿಲ್ಲ. ನಾನು ಅವರನ್ನು ಬೈಯಲ್ಲ. ನೆತ್ತಿಯ ಮೇಲೆ ಅಷ್ಟು ಶತಮಾನ ಕೂತ ಭಾರವನ್ನು ಯಾರು ತಾನೇ ಇಟ್ಟುಕೊಳ್ತಾರೆ. ಆದರೆ ಅದರ ಫಲ ಏನಾಯಿತು? ಮೊಂತಾನೇರಿನ ಬಾಗಿಲ ಮೇಲೆ ಫೆಬುಸ್ ಒಬ್ಬನೇ ಉಳಿದ. ಈಚೆಗೆ ಅಲ್ಲೂ ಕೆಲವರು ಮರಳಿ ಹುಡುಕ್ತಿದ್ದಾರೆ. ಅರೋ ಎಂಬ ಊರಿನ ಹಳೆಯ ಕೋಟೆಮನೆಯಲ್ಲಿ ಕಾಗೋಗಳದೇ ಒಂದು ಮ್ಯೂಸಿಯಂ ಇದೆ. ಬೊಸಾತೆಯಲ್ಲಿ ಸಾಂಚೊತೆನಾ ಎಂಬ ಶಿಲ್ಪಿ, ತಾನು ಅಗೋತೆ ವಂಶದವನು ಅಂತ ಬಹಿರಂಗವಾಗಿ ಹೇಳಿಕೊಂಡು, ಅದೇ ಕೇರಿಯಲ್ಲಿ ತನ್ನ ಜನರ ನೆನಪಿಗೆ ಮ್ಯೂಸಿಯಂ ಮಾಡಿದ್ದಾರೆ. ಅವಮಾನದ ಕೇರಿಗೆ ಈಗ ಜನ ಹುಡುಕಿಕೊಂಡು ಬರ್ತಾರೆ.

ನಮಗೂ ಬುದ್ಧಿ ಹೇಳೋರಿದ್ದಾರೆ. ‘ಜಾತಿ ಬಗ್ಗೆ ಮಾತಾಡೋದು ಬಿಟ್ಟರೆ ಜಾತಿ ತಾನಾಗಿ ಹೋಗುತ್ತೆ.’ ಇಲ್ಲ ಸ್ವಾಮಿ. ಜಾತಿ ಹೋಗಬೇಕು, ನಮ್ಮ ದುಡಿಮೆಯ ಲೆಕ್ಕ ಹೋಗಬಾರದು. ಎರಡೂ ಬೇರೆ ಬೇರೆ. ಚಿತ್ರದುರ್ಗದ ಕೋಟೆಗೆ ಹೋದರೆ ನಾಯಕರ ಹೆಸರಿನ ಜೊತೆ ಓಬವ್ವನ ಕಿಂಡಿಯನ್ನೂ ಕೇಳ್ತೀವಿ. ಕಾವಲುಗಾರನ ಹೆಂಡತಿ, ನಮ್ಮ ಹೊಲೆಯರ ಹೆಣ್ಣುಮಗಳು. ಅವಳ ಹೆಸರನ್ನು ಉಳಿಸಿದ್ದು ಯಾವ ದೊರೆಯ ಲಾಂಛನವೂ ಅಲ್ಲ, ಜನರ ಬಾಯಿ. ಹಾಗೆ ಹೆಸರು ಉಳಿದದ್ದು ಒಬ್ಬಳದು. ಆ ಏಳು ಸುತ್ತಿನ ಕಲ್ಲು ಹೊತ್ತವರ, ಹೊಂಡ ತೋಡಿದವರ, ಬಾಗಿಲು ಕೂರಿಸಿದವರ ಹೆಸರು ಎಷ್ಟು ಗೊತ್ತು ನಮಗೆ?

ಅದಕ್ಕೇ ಒಂದು ಕೆಲಸ ಕೊಡ್ತೀನಿ. ನಿಮ್ಮ ತಾಲ್ಲೂಕಿನಲ್ಲಿ ಒಂದು ಕೋಟೆ ಇದ್ದೇ ಇರುತ್ತೆ, ಇಲ್ಲದಿದ್ದರೆ ಒಂದು ಕೆರೆಯಾದರೂ ಇರುತ್ತೆ. ಮುಂದಿನ ಭಾನುವಾರ ಹುಡುಗರನ್ನು ಕರ್ಕೊಂಡು ಹೋಗಿ. ಶಾಸನ ಓದಿ, ಬೇಡ ಅನ್ನಲ್ಲ. ಆಮೇಲೆ ಕೇರಿಗೆ ಬಂದು ವಯಸ್ಸಾದವರನ್ನು ಕೂರಿಸಿಕೊಂಡು ಕೇಳಿ. ತೂಬು ಎತ್ತುತ್ತಿದ್ದ ನೀರುಗಂಟಿ ಯಾರ ಮನೆಯವರು, ತಮಟೆ ಬಡಿದು ಊರು ಎಬ್ಬಿಸ್ತಿದ್ದವರು ಯಾರು, ಕಲ್ಲು ಒಡೆದವರು ಯಾರು. ಹೇಳಿದ್ದನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ, ಹೆಸರು ಸಮೇತ ಬರೆದಿಡಿ. ನಮ್ಮ ಅಜ್ಜಿ ತಾತಂದಿರು ಇನ್ನೂ ಇದ್ದಾರೆ. ಇನ್ನೊಂದು ಹತ್ತು ವರ್ಷ ಬಿಟ್ಟು ಕೇಳ್ತೀವಿ ಅಂದ್ರೆ ಗೋಡೆಯ ತೂತು ಮಾತ್ರ ಉಳಿದಿರುತ್ತೆ.

ಬರೆದಿದ್ದನ್ನು ಕಾಮೆಂಟಿನಲ್ಲಿ ಹಾಕಿ. ಎಲ್ಲವನ್ನೂ ಒಂದು ಕಡೆ ಸೇರಿಸೋಣ.

ಜೈ ಭೀಮ್.